ದೋಣಿಗೂ ಕಾರಿಗೂ ಒಂದೇ ಪ್ಯಾಡ್ ಸೆಟ್ ಸಾಕಾ? ಬಣ್ಣ ನೋಡಿ ನೋಡಿ ತಲೆ ಕೆಟ್ಟಿದೆ

ತೆಪ್ಪದ ಸೋಮು
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡಿದ್ದೆ, ಇವತ್ತು ಕೇಳಲೇಬೇಕಾಗಿ ಬಂತು. ನನ್ನದು ಕಡುನೀಲಿ ಬಣ್ಣದ ಎಂಟು ವರ್ಷದ ಕಾರು. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರ ಬಲೆ ಥರ ಗೀರು ಕಾಣ್ತವೆ. ಇದರ ಜೊತೆಗೆ ಇಬ್ಬರು ಸ್ನೇಹಿತರ ಜೊತೆ ಪಾಲಲ್ಲಿ ಕೊಂಡ 20 ಅಡಿಯ ಫೈಬರ್ ದೋಣಿ ಒಂದಿದೆ. ಬಿಳಿ ಮೈ, ಪಕ್ಕದಲ್ಲಿ ಅಗಲವಾದ ಕೆಂಪು ಪಟ್ಟಿ. ಕೈ ಸವರಿದರೆ ಸುಣ್ಣದ ಗೋಡೆ ಮುಟ್ಟಿದ ಹಾಗೆ ಬೆಳ್ಳಗೆ ಅಂಟುತ್ತೆ.

ಎರಡನ್ನೂ ಪಾಲಿಶ್ ಮಾಡಬೇಕು, ಅದಕ್ಕೆ ಮಷೀನು ಎರಡಿವೆ. ಒಂದು 15 ಎಂಎಂ ಥ್ರೋ ಇರೋ ಡಿಎ (ಡ್ಯುಯಲ್ ಆಕ್ಷನ್, ಪ್ಯಾಡ್ ತಿರುಗುತ್ತಲೇ ಅಷ್ಟಗಲಕ್ಕೆ ಓಲಾಡುತ್ತೆ), ನಾನೇ ಕೊಂಡದ್ದು. ಇನ್ನೊಂದು ಒಂದೇ ಸಮನೆ ಸುತ್ತೋ ಹಳೇ ರೋಟರಿ, ಸ್ನೇಹಿತ ಕೊಟ್ಟದ್ದು. ಐದು ಬಣ್ಣದ ಫೋಮ್ ಪ್ಯಾಡ್‌ಗಳ ಒಂದು ಸೆಟ್ ಕೂಡ ತಂದೆ, ಯಾವುದು ಯಾವುದಕ್ಕೆ ಅಂತ ಡಬ್ಬದ ಮೇಲೆ ಏನೂ ಬರೆದಿಲ್ಲ. ಒಂದು ವಿಡಿಯೋದಲ್ಲಿ ಬಿಳಿ ಪ್ಯಾಡ್ ಒರಟು ಅಂತಾರೆ, ಇನ್ನೊಂದರಲ್ಲಿ ಬಿಳಿ ಕೊನೇ ಹಂತಕ್ಕೆ ಅಂತಾರೆ. ಇದೇ ಸೆಟ್‌ನಲ್ಲಿ ಎರಡೂ ಕೆಲಸ ಮುಗಿಯುತ್ತಾ?

ಹಳೇ ಗ್ಯಾರೇಜು
ಸೋಮು ಅವರೇ, ಮೊದಲು ಬಣ್ಣದ ಲೆಕ್ಕ ಬಿಡಿ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋದು ಈ ಪ್ಯಾಡುಗಳ ವಿಷಯದಲ್ಲಿ ಅಕ್ಷರಶಃ ನಿಜ. ಯಾವ ಬಣ್ಣ ಎಷ್ಟು ಒರಟು ಅನ್ನೋದಕ್ಕೆ ಎಲ್ಲ ಕಂಪನಿಗೂ ಅನ್ವಯಿಸೋ ನಿಯಮ ಇಲ್ಲ. 3ಎಂ ಫೋಮ್‌ಗಳಲ್ಲಿ ಬಿಳಿ ಅಂದರೆ ಕಾಂಪೌಂಡ್‌ಗೆ (ಪಾಲಿಶ್‌ಗಿಂತ ಒರಟಾದ ಉಜ್ಜೋ ಪೇಸ್ಟ್), ಕಪ್ಪು ಪಾಲಿಶ್‌ಗೆ, ನೀಲಿ ಕೊನೆಯ ನಯಕ್ಕೆ. ರೂಪೆಸ್‌ನಲ್ಲಿ ಪೂರಾ ತಿರುಗುಮುರುಗು: ನೀಲಿ ಎಲ್ಲಕ್ಕಿಂತ ಒರಟು, ಬಿಳಿ ಎಲ್ಲಕ್ಕಿಂತ ನಯ. ಲೇಕ್ ಕಂಟ್ರಿಯಲ್ಲಿ ಬಿಳಿ ನಡುವೆ ಬರುತ್ತೆ, ಕಪ್ಪು ಕೊನೇ ಹಂತಕ್ಕೆ. ಒಬ್ಬರ ವಿಡಿಯೋ ನೋಡಿ ಇನ್ನೊಬ್ಬರ ಪ್ಯಾಡ್ ಹಾಕಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಹೆಸರಿಲ್ಲದ ಸೆಟ್ ಆದರೆ ಬೆರಳಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದು, ಒತ್ತಿದ ತಕ್ಷಣ ಪುಟಿದು ಬರೋದು ಕತ್ತರಿಸೋಕೆ. ಮೆತ್ತಗೆ ಒಳಗೆ ಹೋಗಿ ನಿಧಾನಕ್ಕೆ ಮೇಲೆ ಬರೋದು ನಯಕ್ಕೆ. ನೂರಕ್ಕೆ ನೂರು ಸರಿ ಅನ್ನಲ್ಲ, ಆದರೆ ಬಣ್ಣ ನಂಬೋದಕ್ಕಿಂತ ವಾಸಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ: ಇಲ್ಲ, ಸಾಕಾಗಲ್ಲ. ಕಾರಿನ ಕ್ಲಿಯರ್‌ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸಾಮಾನ್ಯವಾಗಿ 40–50 ಮೈಕ್ರಾನ್ ಇರುತ್ತೆ. ಪ್ರಿಂಟರ್‌ಗೆ ಹಾಕೋ ಹಾಳೆ ಸುಮಾರು 100 ಮೈಕ್ರಾನ್, ಅದರ ಅರ್ಧ ಅಂದ್ಕೊಳ್ಳಿ. ಅದರೊಳಗೇ ಗೀರೂ ಇದೆ, ಬಿಸಿಲು ತಡೆಯೋ ಅಂಶವೂ ಇದೆ. ದೋಣಿಯ ಹೊರಪದರ, ಅಂದರೆ ಜೆಲ್‌ಕೋಟ್, ಸರಿಯಾಗಿ ಹಾಕಿದ್ದರೆ ಅರ್ಧ ಮಿಲಿಮೀಟರ್ ಹತ್ತಿರ, ಅಂದರೆ 500 ಮೈಕ್ರಾನ್. ಹತ್ತು ಪಟ್ಟು! ಒಂದು ಕಡೆ ಚರ್ಮ ಸವರೋ ಕೆಲಸ, ಇನ್ನೊಂದು ಕಡೆ ಹೊಲ ಉಳೋ ಕೆಲಸ.

ದಡದ ಮನೆ
ಗ್ಯಾರೇಜು ಅಣ್ಣ ಹೇಳಿದ್ದು ಸರಿ. ದೋಣಿ ಭಾಗ ನಾನು ಹೇಳ್ತೀನಿ, ಹನ್ನೆರಡು ವರ್ಷದಿಂದ ಅದೇ ಕೆಲಸ.

ಕೈಗೆ ಅಂಟುತ್ತೆ ಅಂದ್ರಲ್ಲ, ಆ ಬಿಳಿ ಪುಡಿ ಆಕ್ಸಿಡೇಶನ್. ಜೆಲ್‌ಕೋಟ್ ಅಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್. ಬಿಸಿಲಿಗೆ ಮೇಲ್ಪದರ ಒಡೆದು ಪುಡಿಯಾಗುತ್ತೆ, ಸಣ್ಣ ಸಣ್ಣ ರಂಧ್ರ ಬಾಯ್ಬಿಡುತ್ತೆ. ಆ ಸತ್ತ ಪದರ ತೆಗೆದು ಕೆಳಗಿನ ಜೀವಂತ ಪದರಕ್ಕೆ ಮುಟ್ಟಬೇಕು. ಫೋಮ್ ಹಾಕಿ ಇದನ್ನ ಮಾಡೋಕೆ ಹೋದರೆ ಐದು ನಿಮಿಷದಲ್ಲಿ ಫೋಮಿನ ರಂಧ್ರಗಳಲ್ಲಿ ಆ ಪುಡಿ, ಕಾಂಪೌಂಡು ಎರಡೂ ಕಲಸಿ ಗಾರೆ ಹಾಗೆ ಕೂತ್ಕೊಳ್ಳುತ್ತೆ. ಆಮೇಲೆ ಪ್ಯಾಡ್ ಜಾರುತ್ತೆ, ಬಿಸಿಯಾಗುತ್ತೆ, ಕತ್ತರಿಸಲ್ಲ.

ಇದಕ್ಕೆ ಉಣ್ಣೆ ಪ್ಯಾಡೇ ಬೇಕು. ಉಣ್ಣೆಯ ಒಂದೊಂದು ಎಳೆಯೂ ಸಣ್ಣ ಬ್ಲೇಡ್ ಥರ ಕೆಲಸ ಮಾಡುತ್ತೆ, ಎಳೆಗಳ ನಡುವೆ ಗಾಳಿ ಆಡೋದರಿಂದ ಫೋಮಿಗಿಂತ ತಣ್ಣಗಿರುತ್ತೆ. ಹುರಿ ಹೊಸೆದ ಗಟ್ಟಿ ಉಣ್ಣೆ ಮೊದಲ ಸುತ್ತಿಗೆ, ಮೆತ್ತನೆ ಕುರಿಮರಿ ಉಣ್ಣೆ ಎರಡನೇ ಸುತ್ತಿಗೆ. ಫೋಮ್ ಆಮೇಲೆ. ರೋಟರಿಯಲ್ಲಿ 1000ದಿಂದ 1500 ಆರ್‌ಪಿಎಂ ಸಾಕು, 1800 ದಾಟಬೇಡಿ. ಒಂದು ಸಲಕ್ಕೆ ಎರಡಡಿ ಚೌಕ.

ಕಾಂಪೌಂಡ್ ಜಾಸ್ತಿ ಹಾಕಿದರೆ ಉಣ್ಣೆ ಅದನ್ನ ನಿಮ್ಮ ಮುಖಕ್ಕೇ ಎರಚುತ್ತೆ. ಮೊದಲ ದಿನ ನಂದು ಮಂತ್ರಕ್ಕಿಂತ ಉಗುಳೇ ಜಾಸ್ತಿ ಆಗಿತ್ತು. ಕನ್ನಡಕ, ಮಾಸ್ಕ್ ಹಾಕ್ಕೊಳ್ಳಿ.

ನುಣುಪು ರಾಯ
ಮೇಡಂ, ಉಣ್ಣೆ ಬಿಟ್ಟು ಬೇರೆ ಗತಿಯೇ ಇಲ್ಲ ಅನ್ನೋದು ಹಳೇ ಮಾತು. ಈಗ ಡಿಎಗೆ ಅಂತಲೇ ಗಿಡ್ಡ ಎಳೆಯ ಉಣ್ಣೆ ಪ್ಯಾಡುಗಳಿವೆ, ಮೈಕ್ರೋಫೈಬರ್ ಪ್ಯಾಡುಗಳಿವೆ. ಹೊಸಬರ ಕೈಗೆ ರೋಟರಿ ಜೊತೆ ಹುರಿ ಉಣ್ಣೆ ಕೊಟ್ಟರೆ ಹೊಲೊಗ್ರಾಮ್ ಗ್ಯಾರಂಟಿ. ಬೆಳಕಿಗೆ ಹಿಡಿದರೆ ಬಿಲ್ಲಿನಾಕಾರದ ಗೆರೆಗಳು ಮೈತುಂಬ ಓಡಾಡ್ತವೆ. ಅದನ್ನ ತೆಗೆಯೋಕೆ ಮತ್ತೊಂದು ದಿನ ಬೇಕು.

ನನ್ನ ಕ್ರಮ: 15 ಎಂಎಂ ಡಿಎ, ಮೈಕ್ರೋಫೈಬರ್ ಕಟಿಂಗ್ ಪ್ಯಾಡ್, ಆಮೇಲೆ ನಯವಾದ ಫೋಮ್. ಎರಡೇ ಹೆಜ್ಜೆ.

ದಡದ ಮನೆ
ರಾಯರೇ, ಬರೀ ಮಂಕಾಗಿರೋ ದೋಣಿಗೆ ನಿಮ್ಮ ಕ್ರಮ ಚೆನ್ನಾಗೇ ಇದೆ, ನಾನೂ ಮಾಡ್ತೀನಿ. ಆದರೆ ಕೈಗೆ ಸುಣ್ಣ ಅಂಟುವಷ್ಟು ಕೆಟ್ಟಿದ್ದರೆ ಡಿಎ ಹಿಡಿದು 20 ಅಡಿ ದೋಣಿ ಸುತ್ತೋದು ಚಮಚದಲ್ಲಿ ಬಾವಿ ತೋಡಿದ ಹಾಗೆ. ಹೊಲೊಗ್ರಾಮ್ ಬರುತ್ತೆ, ಒಪ್ಪಿದೆ. ಅದು ಬರುತ್ತೆ ಅಂತ ಗೊತ್ತಿದ್ದೇ ಎರಡನೇ ಹೆಜ್ಜೆಗೆ ಡಿಎ ಮತ್ತು ಫೋಮ್ ಇಟ್ಕೊಳ್ಳೋದು. ಬಿಳಿ ಜೆಲ್‌ಕೋಟ್‌ನಲ್ಲಿ ಅಷ್ಟಾಗಿ ಕಾಣೋದೂ ಇಲ್ಲ. ಆ ಕೆಂಪು ಪಟ್ಟಿಯಲ್ಲಿ ಮಾತ್ರ ಎದ್ದು ಕಾಣುತ್ತೆ.

ಹಳೇ ಗ್ಯಾರೇಜು
ಇಬ್ಬರೂ ಸರಿ. ಇಬ್ಬರೂ ನೋಡಿದ ದೋಣಿ ಬೇರೆ ಬೇರೆ, ಅಷ್ಟೇ.

ಕಾರಿಗೆ ಮಾತ್ರ ರಾಯರ ಮಾತು ಕೇಳಿ ಸೋಮು. ಕಡುನೀಲಿ ಕಾರಿನ ಮೇಲೆ ರೋಟರಿ ಉಣ್ಣೆ ಇಡಲೇಬೇಡಿ. ಡಿಎ, ನಡುಮಟ್ಟದ ಫೋಮ್, ನಯವಾದ ಪಾಲಿಶ್, ಇಷ್ಟರಿಂದ ಶುರು ಮಾಡಿ. ಎರಡಡಿ ಜಾಗ ಟೇಪ್ ಹಾಕಿ ಗುರುತು ಮಾಡಿ ಪರೀಕ್ಷೆ ಮಾಡಿ. ಗೀರು ಹೋಗದಿದ್ದರೆ ಮೊದಲು ಪ್ಯಾಡ್ ಮಾತ್ರ ಒಂದು ಮೆಟ್ಟಿಲು ಒರಟು ಮಾಡಿ, ಪಾಲಿಶ್ ಅದೇ ಇರಲಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಕೆಲಸ ಮಾಡಿದ್ದು ಯಾವುದು ಅಂತ ಗೊತ್ತಾಗಲ್ಲ. ಮೈಕ್ರೋಫೈಬರ್ ಪ್ಯಾಡ್ ಚೆನ್ನಾಗಿ ಕತ್ತರಿಸುತ್ತೆ, ಆದರೆ ಮೆತ್ತನೆ ಪೇಂಟ್ ಆದರೆ ಮಂಜು ಕವಿದ ಹಾಗೆ ಮಸುಕು ಬಿಡುತ್ತೆ. ಕಡುಬಣ್ಣದಲ್ಲಿ ಅದು ಇನ್ನೂ ಜಾಸ್ತಿ ಕಾಣುತ್ತೆ, ಮೇಲೊಂದು ಫೋಮ್ ಸುತ್ತು ಹಾಕಲೇಬೇಕು.

ಹೊಸ ಕೈ
ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನ್ನದು 6 ಇಂಚಿನ ಬ್ಯಾಕಿಂಗ್ ಪ್ಲೇಟ್ (ಮಷೀನಿನಲ್ಲಿ ಪ್ಯಾಡ್ ಅಂಟಿಸೋ ತಟ್ಟೆ). 6 ಇಂಚಿನ ಪ್ಯಾಡ್ ಹಾಕಬಹುದಾ? ಎರಡೂ ಸಮ ಇದ್ದರೆ ಒಳ್ಳೇದಲ್ವಾ?

ನುಣುಪು ರಾಯ
ಬೇಡ ಬೇಡ. ಪ್ಯಾಡ್ ಯಾವಾಗಲೂ ಪ್ಲೇಟಿಗಿಂತ ಅರ್ಧ ಇಂಚಾದರೂ ದೊಡ್ಡದಿರಬೇಕು. 5 ಇಂಚಿನ ಪ್ಲೇಟಿಗೆ ಐದೂವರೆ ಅಥವಾ 6 ಇಂಚಿನ ಪ್ಯಾಡ್. ಸಮ ಇದ್ದರೆ ಸ್ವಲ್ಪ ವಾಲಿದ ತಕ್ಷಣ ಪ್ಲೇಟಿನ ಗಟ್ಟಿ ಅಂಚು ಪೇಂಟಿಗೆ ಬಡಿಯುತ್ತೆ, ಆ ಗಾಯ ಪಾಲಿಶ್‌ನಿಂದ ಹೋಗಲ್ಲ. ಹಾಗಂತ ತೀರಾ ದೊಡ್ಡದೂ ಬೇಡ. ಆಧಾರ ಇಲ್ಲದ ಅಂಚು ಬಾವುಟದ ಹಾಗೆ ಪಟಪಟ ಅಂತಿರುತ್ತೆ, ಕೆಲಸ ಆಗಲ್ಲ.

ಇನ್ನೊಂದು. ಪ್ಲೇಟಿನ ಪಕ್ಕಕ್ಕೆ ಮಾರ್ಕರ್‌ನಿಂದ ಒಂದು ಗೆರೆ ಎಳೀರಿ. ಡಿಎ ಓಡುವಾಗ ಆ ಗೆರೆ ಸುತ್ತುತ್ತಾ ಇದ್ದರೆ ಪ್ಯಾಡ್ ತಿರುಗುತ್ತಿದೆ. ನಿಂತುಬಿಟ್ಟರೆ ಬರೀ ನಡುಗುತ್ತಿದೆ ಅಂತ ಅರ್ಥ. ಒತ್ತಡ ಕಡಿಮೆ ಮಾಡಿ, ಇಲ್ಲಾ ಪ್ಯಾಡ್ ಸಮ ಮಾಡಿ. ದೋಣಿಯ ಒಳಬಾಗಿದ ಜಾಗಗಳಲ್ಲಿ ಈ ತೊಂದರೆ ಬಹಳ. ಅಲ್ಲಿ 3 ಇಂಚಿನ ಚಿಕ್ಕ ಪ್ಯಾಡ್ ಇಟ್ಕೊಳ್ಳಿ.

ಹಳೇ ಗ್ಯಾರೇಜು
ಚಿಕ್ಕ ಪ್ಯಾಡ್ ಅಂದದ್ದಕ್ಕೆ ಒಂದು ಲೆಕ್ಕ. ರೋಟರಿ 1500 ಆರ್‌ಪಿಎಂನಲ್ಲಿದ್ದರೆ 8 ಇಂಚಿನ ಪ್ಯಾಡಿನ ಅಂಚು ಸೆಕೆಂಡಿಗೆ ಸುಮಾರು 16 ಮೀಟರ್ ವೇಗದಲ್ಲಿ ಓಡ್ತಿರುತ್ತೆ. ಅದೇ ವೇಗದಲ್ಲಿ 3 ಇಂಚಿನ ಪ್ಯಾಡಿನ ಅಂಚು 6 ಮೀಟರ್ ಅಷ್ಟೇ. ಮಷೀನ್ ಮೇಲಿನ ಅಂಕಿ ಒಂದೇ, ಪ್ಯಾಡ್ ಬದಲಾದರೆ ಕತ್ತರಿಸೋ ಬಲವೇ ಬೇರೆ. ಎಷ್ಟು ಆರ್‌ಪಿಎಂ ಅಂತ ಕೇಳೋರು ಪ್ಯಾಡ್ ಎಷ್ಟು ಇಂಚು ಅಂತ ಹೇಳೋದೇ ಇಲ್ಲ, ಅದು ನನಗೆ ಮಹಾ ಕಿರಿಕಿರಿ.

ಹಳೇ ರೋಟರಿ ಅಂದ್ರಲ್ಲ ಸೋಮು, ಅದರ ತಿರುಪಿನ ಅಳತೆ ನೋಡ್ಕೊಳ್ಳಿ. ಕೆಲವಕ್ಕೆ ಎಂ14, ಕೆಲವಕ್ಕೆ ಐದರ ಎಂಟಂಶ ಇಂಚಿನದು. ಒಂದಕ್ಕಿನ್ನೊಂದು ಹೊಂದಲ್ಲ. ಬಲವಂತವಾಗಿ ತಿರುಗಿಸಿದರೆ ಎಳೆ ಹಾಳಾಗಿ ಪ್ಲೇಟ್ ಹಾರಿಹೋಗಬಹುದು.

ಸುಟ್ಟ ಅಂಚು
ನನ್ನ ಹೆಸರು ಯಾಕೆ ಹೀಗೆ ಅಂತ ಹೇಳೋ ಸಮಯ ಬಂತು. ಎರಡು ವರ್ಷದ ಹಿಂದೆ ಅಣ್ಣನ ಕಾರಿನ ಬಾಗಿಲಿನ ಮಡಿಕೆಯ ಮೇಲೆ ಗಟ್ಟಿ ಫೋಮ್ ಇಟ್ಟು ರೋಟರಿ ಓಡಿಸಿದೆ. ಮೂರು ಸೆಕೆಂಡು ಇರಬಹುದು. ಮಡಿಕೆಯುದ್ದಕ್ಕೂ ಬೂದು ಬಣ್ಣದ ಗೆರೆ ಎದ್ದಿತು. ಪ್ರೈಮರ್, ಬಣ್ಣದ ಕೆಳಗಿನ ತಳಪದರ! ಕ್ಲಿಯರ್‌ಕೋಟ್, ಬಣ್ಣ ಎರಡೂ ಹೋಗಿದ್ದವು. ಅಣ್ಣ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಉರೀತು.

ಅಂಚು, ಮಡಿಕೆ ಮೇಲೆ ಪೇಂಟ್ ಮೊದಲೇ ತೆಳು. ಪ್ಯಾಡಿನ ಅಷ್ಟೂ ಒತ್ತಡ ಆ ಒಂದು ಗೆರೆಯ ಮೇಲೆ ಬೀಳುತ್ತೆ. ಟೇಪ್ ಹಾಕಿ. ಪ್ಲಾಸ್ಟಿಕ್ ಬಂಪರ್ ಮೇಲೆ ಇನ್ನೂ ಹುಷಾರು, ತಗಡಿನ ಹಾಗೆ ಅದು ಬಿಸಿಯನ್ನ ಹರಡಲ್ಲ, ಒಂದೇ ಜಾಗದಲ್ಲಿ ಕೂಡಿಹಾಕುತ್ತೆ. ಆವಾಗಾವಾಗ ಅಂಗೈ ಹಿಂಬದಿ ಇಟ್ಟು ನೋಡಿ. ಇಟ್ಟುಕೊಂಡಿರೋಕೆ ಆಗದಷ್ಟು ಸುಟ್ಟರೆ ನಿಲ್ಲಿಸಿ.

ತೆಪ್ಪದ ಸೋಮು
ಅಬ್ಬಾ, ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಇನ್ನು ಮೂರು ಅನುಮಾನ. ಒಂದು, ನಮ್ಮ ದೋಣಿಗೆ ಹಿಂದಿನ ಮಾಲೀಕರು ಪೇಂಟ್ ಹೊಡೆಸಿರಬಹುದಾ ಅಂತ ಗೊತ್ತಿಲ್ಲ, ಹೇಗೆ ಕಂಡುಹಿಡಿಯೋದು? ಎರಡು, ಪೇಂಟ್ ದಪ್ಪ ಅಳೆಯೋ ಮೀಟರ್ ಸ್ನೇಹಿತನ ಹತ್ತಿರ ಇದೆ, ದೋಣಿಗೆ ಬಳಸಬಹುದಾ? ಮೂರು, ಒಟ್ಟು ಎಷ್ಟು ಪ್ಯಾಡ್ ಬೇಕು?

ದಡದ ಮನೆ
ಮೊದಲನೇದು ಬಹಳ ಮುಖ್ಯ, ನಾನೇ ಮೊದಲು ಕೇಳಬೇಕಿತ್ತು.

ಮರೆಯಾದ ಒಂದು ಮೂಲೆಯಲ್ಲಿ ಬಿಳಿ ಬಟ್ಟೆಗೆ ಬದಲು ಕಪ್ಪು ಬಟ್ಟೆ ತಗೊಂಡು, ಸ್ವಲ್ಪ ಪಾಲಿಶ್ ಹಾಕಿ ಕೈಯಲ್ಲೇ ಉಜ್ಜಿ. ಮೈಯ ಬಣ್ಣವೇ ಬಟ್ಟೆಗೆ ಬಂದರೆ ಮೇಲೆ ಕ್ಲಿಯರ್‌ಕೋಟ್ ಇಲ್ಲ. ಆದರೆ ಅದು ಜೆಲ್‌ಕೋಟೋ ಪೇಂಟೋ ಅಂತ ಇದರಿಂದ ತೀರ್ಮಾನ ಆಗಲ್ಲ. ಪೇಂಟ್ ಹೊಡೆದಿದ್ದರೆ ಎಲ್ಲೋ ಒಂದು ಕಡೆ ಗುರುತು ಸಿಕ್ಕೇ ಸಿಗುತ್ತೆ: ಕ್ಲೀಟ್ (ಹಗ್ಗ ಕಟ್ಟೋ ಕೊಕ್ಕೆ) ಬುಡದಲ್ಲಿ, ಅಂಚಿನ ರಬ್ಬರ್ ರೈಲಿನ (ಪಟ್ಟಿಯ) ಕೆಳಗೆ, ಮುಚ್ಚಳಗಳ ಒಳ ಅಂಚಿನಲ್ಲಿ. ಅಲ್ಲಿ ಟೇಪಿನ ಗೆರೆ, ಸಿಡಿದ ಪೇಂಟಿನ ತುಂತುರು, ಬೇರೆ ಬಣ್ಣ ಇಣುಕುತ್ತಿರುತ್ತೆ.

ಯಾಕೆ ಇಷ್ಟು ಹೇಳ್ತಿದೀನಿ ಅಂದರೆ, ಆಲ್‌ಗ್ರಿಪ್‌ನಂಥ ಲೀನಿಯರ್ ಪಾಲಿಯುರೆಥೇನ್ ಪೇಂಟ್ ಇದ್ದರೆ ಕಾಂಪೌಂಡ್, ಉಣ್ಣೆ ಯಾವುದೂ ಮುಟ್ಟಿಸೋ ಹಾಗಿಲ್ಲ. ಆ ಪೇಂಟಿನ ಹೊಳಪೆಲ್ಲ ಮೇಲಿನ ತೆಳು ರೆಸಿನ್ ಪದರದಲ್ಲೇ ಇರುತ್ತೆ. ಅದನ್ನ ಉಜ್ಜಿ ತೆಗೆದರೆ ಆ ದಿನ ಫಳಫಳ ಅನ್ನುತ್ತೆ, ಆಮೇಲೆ ಬೇಗ ಸೋತುಹೋಗುತ್ತೆ. ಅದೇ ಕಂಪನಿಯ ಆಲ್‌ಕ್ರಾಫ್ಟ್ 2000 ಅಕ್ರಿಲಿಕ್, ಅದನ್ನ ಬಫ್ ಮಾಡಬಹುದು. ನೋಡೋಕೆ ಎರಡೂ ಒಂದೇ ಥರ, ನಡವಳಿಕೆ ಬೇರೆ.

ಹಳೇ ಗ್ಯಾರೇಜು
ಮೀಟರ್: ಸಾಮಾನ್ಯವಾಗಿ ಸಿಗೋ ಗೇಜ್ ಕೆಳಗೆ ಲೋಹ ಇದ್ದರೆ ಮಾತ್ರ ಓದುತ್ತೆ. ಕಾರಿನ ತಗಡಿಗೆ ಸರಿ, ಫೈಬರ್ ದೋಣಿಗೆ ಏನೂ ಹೇಳಲ್ಲ. ಕಾರಿನ ಪ್ಲಾಸ್ಟಿಕ್ ಬಂಪರ್ ಮೇಲೂ ಅದೇ ಕಥೆ. ಅಲ್ಲಿಗೆ ಅಲ್ಟ್ರಾಸಾನಿಕ್ ಗೇಜೇ ಆಗಬೇಕು.

ನುಣುಪು ರಾಯ
ಪ್ಯಾಡ್ ಎಷ್ಟು ಅನ್ನೋದಕ್ಕೆ ನನ್ನ ಅಂದಾಜು. ಕಾರಿಗೆ ಕತ್ತರಿಸೋ ಪ್ಯಾಡ್ ನಾಲ್ಕು, ನಯದ ಪ್ಯಾಡ್ ಎರಡು, ಚಿಕ್ಕದು ಎರಡು. ಎರಡು ಪ್ಯಾನೆಲ್‌ಗೆ ಒಂದು ಪ್ಯಾಡ್ ಬದಲಾಯಿಸಿದರೆ ಪ್ಯಾಡೂ ಬದುಕುತ್ತೆ, ಕೆಲಸವೂ ಒಂದೇ ಥರ ಬರುತ್ತೆ. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮಾಡಿದರೆ ನಡುಭಾಗ ಬಿಸಿಯಾಗಿ ಕುಸಿಯುತ್ತೆ, ವೆಲ್ಕ್ರೋ ಅಂಟು ಬಿಟ್ಟು ಪ್ಯಾಡ್ ರಸ್ತೆಗೆ ಹಾರುತ್ತೆ. ನಂದು ಒಂದು ಸಲ ಪಕ್ಕದ ಮನೆ ಕಾಂಪೌಂಡ್ ದಾಟಿತ್ತು. ಈ ಸಲ ಇಟ್ಟಿಗೆಯ ಕಾಂಪೌಂಡ್ :)

ಫೋಮಲ್ಲೂ ಎರಡು ಜಾತಿ. ತೆರೆದ ರಂಧ್ರದ್ದು ಪಾಲಿಶ್ ಹೀರುತ್ತೆ, ಗಾಳಿ ಆಡುತ್ತೆ. ಮುಚ್ಚಿದ ರಂಧ್ರದ್ದು ಹೀರಲ್ಲ, ಪಾಲಿಶ್ ಮೇಲೇ ನಿಲ್ಲುತ್ತೆ. ಡಿಎಗೆ ತೆಳು ಪ್ಯಾಡ್ ಒಳ್ಳೇದು. ದಪ್ಪ ಫೋಮ್ ಆದರೆ ಮಷೀನಿನ ಓಡಾಟವನ್ನೆಲ್ಲ ಅದೇ ನುಂಗಿಬಿಡುತ್ತೆ, ಪೇಂಟ್ ತನಕ ತಲುಪೋದೇ ಇಲ್ಲ.

ದಡದ ಮನೆ
ನಿಮ್ಮ ದೋಣಿಗೆ ಹುರಿ ಉಣ್ಣೆ ಎರಡು, ಮೆತ್ತನೆ ಉಣ್ಣೆ ಎರಡು, ಫೋಮ್ ಮೂರು. ಕೆಂಪು ಪಟ್ಟಿಗೆ ಅಂತಲೇ ಒಂದು ಉಣ್ಣೆ, ಒಂದು ಫೋಮ್ ಬೇರೆ ಇಡಿ. ಕೆಂಪು ಮುಟ್ಟಿದ ಪ್ಯಾಡ್ ಬಿಳಿಗೆ ತಾಗಿದರೆ ಗುಲಾಬಿ ದೋಣಿ ಆಗುತ್ತೆ.

ನೀರಿನ ಗೆರೆಯ ಕೆಳಗೆ ಆಂಟಿಫೌಲಿಂಗ್ (ಪಾಚಿ, ಚಿಪ್ಪುಜೀವಿ ಅಂಟದಿರಲಿ ಅಂತ ಹೊಡೆಯೋ ಪೇಂಟ್) ಇದ್ದರೆ ಅದಕ್ಕೆ ಪ್ಯಾಡ್ ತಾಗಿಸಲೇಬೇಡಿ. ತಾಗಿದರೆ ಆ ಪ್ಯಾಡನ್ನ ಎಸೆದುಬಿಡಿ, ಆ ವಿಷದ ಪುಡಿ ಉಸಿರಿಗೂ ಒಳ್ಳೇದಲ್ಲ. ಕಾಲು ಜಾರದಿರಲಿ ಅಂತ ಡೆಕ್ ಮೇಲೆ ಮಾಡಿರೋ ಒರಟು ಭಾಗ ಬಫಿಂಗ್ ಜಾಗವಲ್ಲ, ಬ್ರಶ್‌ನಲ್ಲಿ ತೊಳೀರಿ ಸಾಕು. ದೋಣಿ ನೀರಲ್ಲಿದ್ದಾಗ ಕರೆಂಟ್ ಮಷೀನ್ ಹಿಡಿಯಬೇಡಿ, ಟ್ರೇಲರ್ ಮೇಲೆ ತನ್ನಿ. ಕರೆಂಟ್ ಸೋರಿದರೆ ತಾನಾಗಿ ಕಟ್ ಆಗೋ ಬ್ರೇಕರ್ ಇರೋ ಪ್ಲಗ್ಗಿಗೇ ಹಾಕಿ.

ತೆಪ್ಪದ ಸೋಮು
ವರದಿ ಒಪ್ಪಿಸ್ತಿದೀನಿ.

ದೋಣಿ: ರಬ್ಬರ್ ರೈಲ್ ಕೆಳಗೆ ಇಣುಕಿದೆ, ಪೇಂಟಿನ ಗುರುತು ಎಲ್ಲೂ ಇಲ್ಲ, ಜೆಲ್‌ಕೋಟೇ. ಹಟಕ್ಕೆ ಬಿದ್ದು ಮೊದಲು ರಾಯರು ಹೇಳಿದ ಹಾಗೆ ಡಿಎ, ಮೈಕ್ರೋಫೈಬರ್ ಹಾಕಿ ಎರಡಡಿ ಮಾಡಿದೆ. ಆರು ಸುತ್ತು ಹೋದರೂ ಹೊಳಪು ಅರ್ಧವೇ. ಪಕ್ಕದ ಎರಡಡಿಗೆ ರೋಟರಿ, ಹುರಿ ಉಣ್ಣೆ, 1200 ಆರ್‌ಪಿಎಂ. ಎರಡೇ ಸುತ್ತಿಗೆ ಟ್ರೇಲರ್‌ನ ಚಕ್ರ ಅದರಲ್ಲಿ ಕಾಣಿಸ್ತು! ಗೆರೆಗಳು ಬಂದವು, ಡಿಎ ಫೋಮ್‌ನಲ್ಲಿ ಹೋದವು. ರಾಯರೇ ಬೇಜಾರಾಗಬೇಡಿ, ಒಂದು ಬದಿ ಸ್ವಲ್ಪ ನೆರಳಲ್ಲೇ ಇತ್ತು, ಅಷ್ಟು ಕೆಟ್ಟಿರಲಿಲ್ಲ. ಅಲ್ಲಿ ನಿಮ್ಮ ಮೈಕ್ರೋಫೈಬರ್ ಒಂದೇ ಸಾಕಾಯ್ತು.

ಕಾರು: ನನ್ನ ಸೆಟ್‌ನ ಕಿತ್ತಳೆ ಪ್ಯಾಡ್ ಒತ್ತಿದಾಗ ನಡುಮಟ್ಟ ಅನ್ನಿಸ್ತು, ಅದರಿಂದಲೇ ಶುರು ಮಾಡಿದೆ. ಮುಕ್ಕಾಲು ಪಾಲು ಗೀರು ಹೋದವು. ಉಳಿದ ಆಳದ ಗೀರಿನ ಹಿಂದೆ ಹೋಗಲಿಲ್ಲ, ಉಗುರಿಗೆ ತಗುಲುತ್ತವೆ.

ಹಳೇ ಗ್ಯಾರೇಜು
ಅಲ್ಲಿಗೇ ನಿಲ್ಲಿಸಿದ್ದು ಬುದ್ಧಿವಂತಿಕೆ. ಉಗುರಿಗೆ ತಗುಲೋ ಗೀರು ತೆಗೆಯೋಕೆ ಹೋದವರೇ ಸುಟ್ಟ ಅಂಚು ಅವರ ಕ್ಲಬ್ ಸೇರೋದು. ಒಂದು ಸಲ ಐಸೋಪ್ರೊಪೈಲ್ ಸ್ಪಿರಿಟ್‌ಗೆ ನೀರು ಬೆರೆಸಿ ಒರೆಸಿ ನೋಡಿ. ಪಾಲಿಶ್‌ನ ಎಣ್ಣೆ ಗೀರುಗಳನ್ನ ತುಂಬಿ ಮುಚ್ಚಿಟ್ಟಿರುತ್ತೆ, ಒರೆಸಿದ ಮೇಲೆ ಕಾಣೋದೇ ನಿಜ.

ತೆಪ್ಪದ ಸೋಮು
ಒರೆಸಿದೆ ಅಣ್ಣ. ಮುಕ್ಕಾಲು ಅಂದದ್ದು ಅರ್ಧ ಆಯ್ತು. ಸುಳ್ಳು ಹೇಳ್ತಿಲ್ಲ, ಅರ್ಧವೇ. ನಾಳೆ ಅದೇ ಪಾಲಿಶ್‌ಗೆ ಒಂದು ಮೆಟ್ಟಿಲು ಗಟ್ಟಿ ಪ್ಯಾಡ್.

ಹೊಸ ಕೈ
ಪ್ಯಾಡ್ ತೊಳೆಯೋದು ಹೇಗೆ ಅಂತ ಯಾರೂ ಹೇಳಲೇ ಇಲ್ಲ?

ನುಣುಪು ರಾಯ
ಕೆಲಸದ ನಡುವೆ ತೊಳೆಯೋದಲ್ಲ, ಉದುರಿಸೋದು. ಫೋಮ್, ಮೈಕ್ರೋಫೈಬರ್ ಆದರೆ ಪ್ರತಿ ಜಾಗ ಮುಗಿದ ಮೇಲೆ ಮೆತ್ತನೆ ನೈಲಾನ್ ಬ್ರಶ್ ಅಥವಾ ಗಾಳಿಯ ಪೈಪ್. ಉಣ್ಣೆಗೆ ಹಲ್ಲಿನ ಚಕ್ರದಂಥ ಸ್ಪರ್ ಬರುತ್ತೆ. ಅದನ್ನ ಫೋಮಿಗೆ ಹಾಕಿದರೆ ಚಿಂದಿ.

ಕೊನೆಯಲ್ಲಿ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು. ಬಿಸಿನೀರು ಬೇಡ, ವೆಲ್ಕ್ರೋ ಅಂಟು ಬಿಡುತ್ತೆ. ಬಟ್ಟೆ ಮೆತ್ತಗೆ ಮಾಡೋ ಕಂಡೀಶನರ್ ಬೇಡ, ಅದರ ಪಸೆ ಉಳಿದುಬಿಡುತ್ತೆ. ವೆಲ್ಕ್ರೋ ಮೇಲಿರಲಿ, ಮುಖ ಕೆಳಗಿರಲಿ, ನೆರಳಲ್ಲಿ ಒಣಗಿಸಿ. ಒದ್ದೆ ಪ್ಯಾಡನ್ನ ಮಷೀನಿಗೇ ಬಿಟ್ಟು, ಮಷೀನನ್ನ ಅದರ ಮೇಲೇ ನಿಲ್ಲಿಸಿಡೋ ಜನ ಇದಾರೆ. ಮರುದಿನ ಪ್ಯಾಡ್ ಅಮುಕಿ ಹೋಗಿ ಕುಲುಕಾಡುತ್ತೆ.

ತೆಪ್ಪದ ಸೋಮು
ಕೊನೇ ಪ್ರಶ್ನೆ. ದೋಣಿಯ ಕಪ್ಪು ರಬ್ಬರ್ ರೈಲಿಗೆ ಟೇಪ್ ಹಾಕೋದು ಮರೆತೆ. ಉದ್ದಕ್ಕೂ ಬಿಳಿ ಕಾಂಪೌಂಡ್ ಸಿಡಿದು ಒಣಗಿದೆ. ಹೋಗುತ್ತಾ?

ದಡದ ಮನೆ
ಹೋಗುತ್ತೆ. ಹಳೇ ಹಲ್ಲುಜ್ಜೋ ಬ್ರಶ್, ಎಣ್ಣೆಜಿಡ್ಡು ತೆಗೆಯೋ ಕ್ಲೀನರ್ ನೀರಿಗೆ ಬೆರೆಸಿ, ಸ್ವಲ್ಪ ಸ್ವಲ್ಪವೇ ಉಜ್ಜಿ ಒರೆಸಿ. 20 ಅಡಿ ದೋಣಿಗೆ ಎರಡು ಕಡೆ ಸೇರಿ 40 ಅಡಿ ರೈಲು. ಪಾಲಿನ ಸ್ನೇಹಿತರು ಇಬ್ಬರಿದ್ದಾರಲ್ಲ, ಕರೆಸಿ.